ಗುರುತು ಬೀಳದ ನೋವು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಹಲ್ಲಕ್ಕ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಆ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ ಮಾಡಿಕೊಡುವುದು ಅವಳ ಕಸುಬು. ಮೂಲೆಮನೆಯ ಮೇಷ್ಟರು ನಗುತ್ತಿದ್ದುದು ಹಲ್ಲಕ್ಕ ಮಾಡಿದ ಹಲ್ಲಿನಲ್ಲಿ. ಹಾಲಿನಂಗಡಿಯ ಮುದುಕಿ ಮಕ್ಕಳು ಮೊಮ್ಮಕ್ಕಳೆನ್ನದೆ ಬೈಯುತ್ತಿದ್ದುದೂ ಅವಳು ಮಾಡಿದ ಹಲ್ಲಿನಲ್ಲೇ. ಬೈಗುಳ ಒಂದಕ್ಷರವೂ ತೊದಲದೆ ಬರುತ್ತಿದ್ದುದನ್ನು ಕೇಳಿ ಹಲ್ಲಕ್ಕನಿಗೆ ಒಳಗೊಳಗೇ ಹೆಮ್ಮೆ.

ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಕಿಟಕಿಯ ಕೆಳಗೆ ಉದ್ದನೆಯ ಮರದ ಟೇಬಲ್ಲು. ಅದರ ಮೇಲೆ ಪ್ಲಾಸ್ಟರಿನ ದವಡೆಗಳು, ಗುಲಾಬಿ ಮೇಣದ ಹಾಳೆಗಳು, ಮೇಣ ಕರಗಿಸುವ ಪುಟ್ಟ ದೀಪ, ಉಜ್ಜುವ ಮೋಟಾರು. ಮೇಣದಲ್ಲಿ ಒಂದೊಂದೇ ಹಲ್ಲನ್ನು ಕೂರಿಸುವಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು. ಸಾಲು ಪೂರ್ತಿ ನೇರವಾಗಿ ಕೂತರೆ ಅವಳಿಗೆ ಸಮಾಧಾನವಿಲ್ಲ. ಒಂದು ಹಲ್ಲನ್ನಾದರೂ ಕೂದಲೆಳೆಯಷ್ಟು ಓರೆ ಮಾಡಿ, "ದೇವರೇ ಯಾರಿಗೂ ಇಷ್ಟು ಸಾಲಾಗಿ ಕೊಟ್ಟಿಲ್ಲ, ನಾನು ಯಾರು ಕೊಡೋಕೆ?" ಎನ್ನುತ್ತಿದ್ದಳು. ಬಿಳಿ ಧೂಳು ಕೋಣೆಯ ತುಂಬ, ರಾತ್ರಿಯಾದರೆ ಅವಳಿಗೆ ಕೆಮ್ಮು. ಅವಳ ಹುಬ್ಬು ನರೆಯುವ ಮೊದಲೇ ಬೆಳ್ಳಗಾಗಿತ್ತು.

ಈ ಕಸುಬಿನಲ್ಲಿ ಅವಳು ಕಲಿತ ಒಂದು ಪಾಠವಿತ್ತು. ಎಷ್ಟೋ ಸಲ ಮೇಲಿನ ಸೆಟ್ಟು ಸರಿ, ಕೆಳಗಿನ ಸೆಟ್ಟೂ ಸರಿ, ಎರಡನ್ನೂ ಸೇರಿಸಿದರೆ ಮಾತ್ರ ತಪ್ಪು. ಹೊಸಬರಾದರೆ ಗಾಬರಿಯಾಗಿ ಯಾವುದೋ ಒಂದನ್ನು ಒಡೆದು ಮತ್ತೆ ಮಾಡಲು ಕೂರುತ್ತಾರೆ. ಹಲ್ಲಕ್ಕ ಒಡೆಯುತ್ತಿರಲಿಲ್ಲ. ಎರಡೂ ಸುಳ್ಳು ಹೇಳುತ್ತಿಲ್ಲ, ನಡುವೆ ಎಲ್ಲೋ ಸಾಸಿವೆಯಷ್ಟು ಜಾಗ ಎತ್ತರವಾಗಿದೆ, ಅದೇ ಎರಡನ್ನೂ ಸೇರಲು ಬಿಡುತ್ತಿಲ್ಲ ಎಂದು ತಿಳಿದು, ನೀಲಿ ಕಾಗದದ ಚೂರೊಂದನ್ನು ನಡುವೆ ಇಟ್ಟು ಕಚ್ಚಿಸುತ್ತಿದ್ದಳು. ಎತ್ತರವಿದ್ದ ಕಡೆ ನೀಲಿ ಚುಕ್ಕೆ ಬೀಳುತ್ತಿತ್ತು. ಅಲ್ಲಿ ಒಂದು ಸಲ ಉಜ್ಜಿದರೆ ಎರಡು ದವಡೆಗಳೂ ರಾಜಿಯಾಗುತ್ತಿದ್ದವು.

ಇನ್ನು ಅವಳ ಅತ್ತೆಯ ಮಾತು. ಅವರ ಬಾಯಿಂದ ಹೊಗಳಿಕೆ ಬರುವುದೂ ಒಂದೇ, ಕಲ್ಲು ಹಿಂಡಿದರೆ ಎಣ್ಣೆ ಬರುವುದೂ ಒಂದೇ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಯ ಕಸುಬು ತಿಳಿದು, "ಹಲ್ಲು ಎಲ್ಲಿಂದ ತರ್ತೀಯ? ಹೆಣದ ಬಾಯಿಂದ ಕೀಳ್ತಾರಾ?" ಎಂದು ಕೇಳಿದ್ದರು. ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗುತ್ತದೆ ಎಂದು ತಿಳಿದ ಮೇಲೂ ಬಹಳ ಕಾಲ ಆ ಟೇಬಲ್ಲಿನ ಕಡೆ ಮುಖ ಹಾಕಿರಲಿಲ್ಲ. ಕಾಲ ಯಾರನ್ನು ಬಿಟ್ಟಿದೆ? ಅವರ ಹಲ್ಲೂ ಒಂದೊಂದಾಗಿ ಉದುರಿ, ಕೊನೆಗೆ ಅದೇ ಟೇಬಲ್ಲಿನ ಮುಂದಿನ ಸ್ಟೂಲಿನ ಮೇಲೆ ಕೂತು ಬಾಯಿ ತೆರೆಯುವ ದಿನ ಬಂತು. ಹಲ್ಲಕ್ಕ ಆ ಸೆಟ್ಟಿಗೆ ತನ್ನ ವಿದ್ಯೆಯನ್ನೆಲ್ಲ ಸುರಿದಳು. ಅತ್ತೆಯ ನಿಜವಾದ ಹಲ್ಲುಗಳಲ್ಲಿ ಮೇಲಿನ ಸಾಲಿನದೊಂದು ಪಕ್ಕದ ಹಲ್ಲಿನ ಮೇಲೆ ಸ್ವಲ್ಪ ಏರಿ ಕೂತಿತ್ತು. ಅದನ್ನೂ ಹಾಗೇ ಕೂರಿಸಿದಳು, ಫೋಟೋ ಏನೂ ನೋಡಲಿಲ್ಲ. ಬೈಸಿಕೊಂಡವರಿಗೆ ಬೈದವರ ಹಲ್ಲು ಚೆನ್ನಾಗಿ ನೆನಪಿರುತ್ತದೆ.

ಅವಳ ಗಂಡ ಬಸ್ ಡ್ರೈವರ್. ಒಳ್ಳೆಯ ಮನುಷ್ಯ. ಜನ್ಮವೆಲ್ಲ ಸ್ಟೀರಿಂಗ್ ಹಿಡಿದವನಿಗೆ ಇನ್ನೇನು ರಿಟೈರಾಗುವ ಹೊತ್ತು, ಮನೆಯಲ್ಲಿ ಸುಮ್ಮನೆ ಕೂರುವ ಭಯ. ಮುಂದಿನ ಕೋಣೆಯಲ್ಲಿ ಜೆರಾಕ್ಸ್ ಮಷೀನ್ ಇಟ್ಟುಕೊಂಡು ಕೂರಬೇಕೆಂದು ಅವನ ಆಸೆ. ಬೀದಿಗೆ ಬಾಗಿಲಿರುವ ಕೋಣೆ ಅದೊಂದೇ. ಹಲ್ಲಕ್ಕನಿಗೆ ಬರುವ ಕೆಲಸವೂ ಕಡಿಮೆಯಾಗಿತ್ತು. ದೊಡ್ಡ ದೊಡ್ಡ ಲ್ಯಾಬುಗಳಲ್ಲಿ ಕಂಪ್ಯೂಟರೇ ಹಲ್ಲು ಕೊರೆಯುವ ಕಾಲ.

"ಅಮ್ಮನ ಸೆಟ್ ಒಂದು ಮುಗಿಸಿಬಿಡು," ಎಂದ ಒಂದು ಸಂಜೆ. "ಅದೇ ಕೊನೇದು ಅಂತ ಇಟ್ಕೋ. ಆಮೇಲೆ ಈ ಟೇಬಲ್ ತೆಗೆಯೋಣ. ನೀನೂ ಎಷ್ಟು ದಿನ ಅಂತ ಈ ಧೂಳು ಕುಡೀತೀಯ?"

"ಆಗ್ಲಿ," ಎಂದಳು ಹಲ್ಲಕ್ಕ.

ಅಷ್ಟೇ. ಊರಿನವರ ಬಾಯಿ ತೆರೆಸುವುದು ಅವಳಿಗೆ ಗೊತ್ತಿತ್ತೇ ಹೊರತು ತನ್ನ ಬಾಯಿ ತೆರೆಯುವುದು ಗೊತ್ತಿರಲಿಲ್ಲ. ಆ ಟೇಬಲ್ಲು ಹೋದರೆ ತನ್ನ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯದೆ ಅವಳು ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಬಾಗಿಲ ಬಳಿ ಬಟಾಣಿ ಸುಲಿಯುತ್ತ ಕೂತಿದ್ದ ಅತ್ತೆ ತಲೆ ಎತ್ತಿ ಒಮ್ಮೆ ಮಗನನ್ನು ನೋಡಿದರು, ಒಮ್ಮೆ ಸೊಸೆಯ ಬೆನ್ನನ್ನು ನೋಡಿದರು, ಮತ್ತೆ ಬಟಾಣಿ ಸುಲಿದರು.

ಸೆಟ್ಟು ತಯಾರಾಯಿತು. ಅತ್ತೆ ಹಾಕಿಕೊಂಡರು. ಮೊದಲ ಕೆಲವು ದಿನ ಒಸಡಿನಲ್ಲಿ ಒಂದು ಕಡೆ ಒತ್ತಿತು. ಅದು ಎಲ್ಲರಿಗೂ ಆಗುವಂಥದ್ದೇ. ಹಲ್ಲಕ್ಕ ಉಜ್ಜಿ ಸರಿ ಮಾಡಿದಳು. ಆಮೇಲೆ ಶುರುವಾಯಿತು ನೋಡಿ.

"ಅಯ್ಯೋ, ಬಲಗಡೆ ಚುಚ್ಚತ್ತೆ ಕಣೇ."

ಹಲ್ಲಕ್ಕ ಬ್ಯಾಟರಿ ಹಿಡಿದು ನೋಡಿದಳು. ಒಸಡು ಮಗುವಿನ ಒಸಡಿನಂತೆ ನಯವಾಗಿತ್ತು, ಎಲ್ಲೂ ಕೆಂಪಿಲ್ಲ. ನೀಲಿ ಕಾಗದ ಕಚ್ಚಿಸಿದಳು. ಎಲ್ಲ ಕಡೆ ಸಮನಾಗಿ ತೆಳುವಾದ ಗುರುತು, ಎತ್ತರದ ಚುಕ್ಕೆ ಒಂದೂ ಇಲ್ಲ. ಆದರೂ ಮೋಟಾರು ಹಾಕಿ ಅಲ್ಲಿ ಇಲ್ಲಿ ನಯ ಮಾಡಿ ಕೊಟ್ಟಳು. ಮರುದಿನ ಅತ್ತೆಗೆ ಎಡಗಡೆ ನೋವು. ಅದಾದ ಮೇಲೆ ಮುಂದುಗಡೆ. ಅದಾದ ಮೇಲೆ "ಎಲ್ಲಿ ಅಂತ ಹೇಳಕ್ಕೇ ಆಗಲ್ಲ, ಒಟ್ಟಿನಲ್ಲಿ ನೋವು." ಊಟದ ಹೊತ್ತಿಗೆ ಸೆಟ್ಟು ತೆಗೆದು ನೀರಿನ ಬಟ್ಟಲಿಗೆ ಹಾಕಿ ಗಂಜಿ ಕುಡಿಯುತ್ತಿದ್ದರು. ಮಗ ಬಂದು, "ಸರಿಯಾಯ್ತೇನಮ್ಮ?" ಎಂದು ಕೇಳಿದರೆ, "ಎಲ್ಲಿ ಸರಿಯಾಗತ್ತಪ್ಪ, ಇನ್ನೂ ಕೆಲಸ ಇದೆ," ಎಂದು ನರಳುತ್ತಿದ್ದರು. ಬಟ್ಟಲಿನೊಳಗಿಂದ ಆ ಸೆಟ್ಟು ಮಾತ್ರ ಹಲ್ಲಕ್ಕನನ್ನು ನೋಡಿ ಹಲ್ಲು ಕಿರಿಯುತ್ತಿತ್ತು.

ವಾರಗಳು ಹೀಗೇ ಕಳೆದವು. ಟೇಬಲ್ಲು ಇನ್ನೂ ಇತ್ತು, ನಿಜ. ಆದರೆ ಅದರ ಮುಂದೆ ಕೂರುವವಳೇ ಕುಸಿಯುತ್ತಿದ್ದಳು. ಇಷ್ಟು ವರ್ಷ ಯಾರ ಯಾರ ಬಾಯನ್ನೋ ಸರಿ ಮಾಡಿದ ಕೈ, ಮನೆಯವರ ಬಾಯಿಗೇ ಸೋತಿತಲ್ಲ. ಕಾಗದದಲ್ಲಿ ಗುರುತು ಬೀಳದ ನೋವನ್ನು ಅವಳು ಕಂಡಿರಲಿಲ್ಲ. ಕಣ್ಣು ಮಂಜಾಯಿತೇ? ಕೈ ಕೆಟ್ಟಿತೇ? ಮೇಣದ ಚಾಕು ಹಿಡಿದರೆ ಬೆರಳು ಅನುಮಾನಪಡುತ್ತಿತ್ತು. ಯಜಮಾನರು ಹೇಳಿದ್ದೇ ಸರಿ, ಬಿಟ್ಟುಬಿಡುವುದೇ ಒಳ್ಳೆಯದು ಎಂದು ಅವಳು ತನಗೆ ತಾನೇ ಹೇಳಿಕೊಳ್ಳತೊಡಗಿದಳು. ಒಂದು ಸಂಜೆ, ಇದ್ದ ಒಂದೇ ಒಂದು ಹೊಸ ಕೆಲಸದ ಅಚ್ಚನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಡಾಕ್ಟರ ಬಳಿ ಹೋಗಿ, "ಬೇರೆ ಕಡೆ ಮಾಡಿಸ್ಕೊಳ್ಳಿ ಡಾಕ್ಟ್ರೇ, ನನ್ನ ಕೈಲಿ ಆಗ್ತಿಲ್ಲ," ಎಂದು ವಾಪಸು ಕೊಟ್ಟು ಬಂದಳು. ಡಾಕ್ಟರು ಏಕೆಂದು ಕೇಳಿದರು. ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಬರುವ ದಾರಿಯಲ್ಲಿ ಒಂದು ಪಾರ್ಕು. ಬೇಲಿಯ ಪಕ್ಕದ ಬೆಂಚಿನಲ್ಲಿ ಸಂಜೆ ಹೊತ್ತು ಮುದುಕಿಯರ ಕೂಟ ಸೇರುತ್ತಿತ್ತು. ಅತ್ತೆಯೂ ಅಲ್ಲಿದ್ದರು. ಹಲ್ಲಕ್ಕ ತಲೆ ತಗ್ಗಿಸಿ ಹೋಗುತ್ತಿದ್ದವಳು ಏನೋ ಕಂಡಂತಾಗಿ ತಿರುಗಿ ನೋಡಿದಳು, ಗಕ್ಕನೆ ನಿಂತಳು.

ಅತ್ತೆಯ ಕೈಯಲ್ಲಿ ಸುಟ್ಟ ಜೋಳದ ತೆನೆ.

ಹಿಡಿದುಕೊಂಡಿದ್ದರು ಅಷ್ಟೇ ಎಂದುಕೊಳ್ಳಬೇಡಿ. ತಿನ್ನುತ್ತಿದ್ದರು. ಕಾಳು ಬಿಡಿಸಿ ತಿಂದಿದ್ದರೂ ಒಂದು ಮಾತು. ತೆನೆಯನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಿನ ಹಲ್ಲಿನಿಂದ ಕರಕರನೆ ಕಚ್ಚಿ, ಸಾಲು ಮುಗಿದಂತೆ ತೆನೆಯನ್ನು ತಿರುಗಿಸಿ, ಮತ್ತೆ ಕಚ್ಚುತ್ತಿದ್ದರು. ಕಟ್ಟಿಸಿದ ಹಲ್ಲಿಗೆ ಜೋಳದ ತೆನೆಗಿಂತ ದೊಡ್ಡ ಪರೀಕ್ಷೆಯಿಲ್ಲ. ಮುಂದೆ ಕಚ್ಚಿದರೆ ಹಿಂದೆ ಏಳುತ್ತದೆ, ಎಂಥವರ ಕೆಲಸವೂ ಅಲ್ಲಾಡುತ್ತದೆ. ಇದು ಅಲ್ಲಾಡುತ್ತಿರಲಿಲ್ಲ. ಹಲ್ಲಕ್ಕ ಬೇಲಿಯಾಚೆ ನಿಂತು ಒಂದು ಕ್ಷಣ ಎಲ್ಲ ಮರೆತು ಆ ಸೆಟ್ಟನ್ನೇ ನೋಡಿದಳು. ಎಷ್ಟು ಚೆನ್ನಾಗಿ ಕೂತಿದೆ! ಮರುಕ್ಷಣ ಮೈಯೆಲ್ಲ ಉರಿಯಿತು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು: ಬೇಕಂತಲೇ. ಬೇಕಂತಲೇ ಗೋಳು ಹೊಯ್ದುಕೊಳ್ಳುತ್ತಿದ್ದಾರೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಈ ಮನೆಯಲ್ಲಿ ಎರಡು ಕಾಲವೂ ಅತ್ತೆಯದೇ. ಮನೆ ಸೇರಿ ಕೈಕಾಲು ತೊಳೆಯುವ ಹೊತ್ತಿಗೆ ಮಾತ್ರ ಆ ಲೆಕ್ಕ ಎಲ್ಲೋ ತಪ್ಪಿದೆ ಅನ್ನಿಸಿತು. ಸೊಸೆಯ ಹೆಸರು ಕೆಡಿಸಬೇಕೆಂದರೆ ಯಾರಾದರೂ ಏನು ಮಾಡುತ್ತಾರೆ? ಬೀದಿಯಲ್ಲಿ ನರಳುತ್ತಾರೆ, ಮನೆಯಲ್ಲಿ ಕದ್ದು ತಿನ್ನುತ್ತಾರೆ. ಅತ್ತೆ ಮಾಡುತ್ತಿರುವುದು ತಿರುಗುಮುರುಗು. ಊರೆದುರು ಜೋಳ ಕಚ್ಚುತ್ತಾರೆ, ಮನೆಯಲ್ಲಿ ಮಗನೆದುರು ಗಂಜಿ ಕುಡಿಯುತ್ತಾರೆ. ದ್ವೇಷಕ್ಕೆ ಇಷ್ಟು ದಡ್ಡತನವಿರುವುದಿಲ್ಲ, ಅದರಲ್ಲೂ ಅತ್ತೆಯ ದ್ವೇಷಕ್ಕೆ.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಎಂದಿನಂತೆ ಕೆನ್ನೆ ಹಿಡಿದುಕೊಂಡು, "ಅಯ್ಯಮ್ಮಾ," ಎಂದರು. ಮಗನಿಗೆ ತಾಳ್ಮೆ ಮುಗಿದಿತ್ತು.

"ಸಾಕಮ್ಮ, ನಿನ್ನ ಪಾಡು ನೋಡಕ್ಕಾಗಲ್ಲ. ನಾಳೆ ರಜಾ ಹಾಕಿದೀನಿ. ದೊಡ್ಡ ಆಸ್ಪತ್ರೆಗೆ ಹೋಗೋಣ. ಅಲ್ಲಿ ಮಷೀನಲ್ಲೇ ಅಳತೆ ತಗೊಂಡು ಹೊಸ ಸೆಟ್ ಮಾಡ್ಕೊಡ್ತಾರೆ." ಹೆಂಡತಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ನೀನು ಬೇಜಾರು ಮಾಡ್ಕೋಬೇಡ. ವಯಸ್ಸಾಯ್ತು ನಮಗೂ," ಎಂದ.

"ಬೇಡ!" ಎಂದರು ಅತ್ತೆ. ಆ ದನಿಯಲ್ಲಿ ನೋವಿನ ಸುಳಿವೇ ಇರಲಿಲ್ಲ.

"ಯಾಕಮ್ಮ?"

"ಬೇಡ ಅಂದ್ರೆ ಬೇಡ. ಇದನ್ನೇ ಇವಳೇ ಸರಿ ಮಾಡ್ಲಿ. ಎಷ್ಟು ದಿನ ಆದ್ರೂ ಆಗ್ಲಿ. ನನಗೇನು ಅವಸರ ಇಲ್ಲ."

ಹಲ್ಲಕ್ಕ ಸೌಟು ಹಿಡಿದು ನಿಂತಿದ್ದಳು. ನೋವಿದೆ ಎನ್ನುವವರು ಔಷಧಿ ಬೇಡ ಎನ್ನುತ್ತಿದ್ದಾರೆ. ಹಲ್ಲು ಕೂರುವುದಿಲ್ಲ ಎನ್ನುವವರು ಜೋಳ ಕಚ್ಚುತ್ತಾರೆ. ಮೇಲಿನದೂ ಸರಿ, ಕೆಳಗಿನದೂ ಸರಿ, ಸೇರಿಸಿದರೆ ತಪ್ಪು. ಹಾಗಾದರೆ ನಡುವೆ ಎಲ್ಲಿದೆ ಆ ಸಾಸಿವೆಯಷ್ಟು ಎತ್ತರ? ಎಷ್ಟು ದಿನ ಆದರೂ ಆಗಲಿ. ಅವಸರ ಇಲ್ಲ. ಅಮ್ಮನ ಸೆಟ್ ಮುಗಿಸಿಬಿಡು, ಆಮೇಲೆ ಟೇಬಲ್ ತೆಗೆಯೋಣ. ಸೆಟ್ಟು ಮುಗಿದರೆ ಟೇಬಲ್ಲು ಹೋಗುತ್ತದೆ. ಸೆಟ್ಟು ಮುಗಿಯದೇ ಇದ್ದರೆ?

ಅವಳು ಅತ್ತೆಯ ಮುಖ ನೋಡಿದಳು. ಹಲ್ಲಿಲ್ಲದ ಆ ಬಾಯಿ ಹಟದಿಂದ ಮುಚ್ಚಿಕೊಂಡಿತ್ತು, ಕಣ್ಣು ಗೋಡೆಯ ಕಡೆಗಿತ್ತು. ಬಟಾಣಿ ಸುಲಿಯುತ್ತಿದ್ದ ಸಂಜೆ ತಲೆ ಎತ್ತಿ ನೋಡಿದ ಅದೇ ಕಣ್ಣು.

ನಗು ಹೊಟ್ಟೆಯಿಂದ ಎದ್ದುಬಂತು. ಮೊದಲು ಕೆಮ್ಮಿನಂತೆ ಬಂತು, ಆಮೇಲೆ ತಡೆಯಲಾಗಲಿಲ್ಲ. ಸೌಟು ಕೈಜಾರಿ ಪಾತ್ರೆಯೊಳಗೆ ಬಿತ್ತು. ಹಲ್ಲಕ್ಕ ಗೋಡೆಗೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಜೀವಮಾನವಿಡೀ ಒಂದು ಒಳ್ಳೆಯ ಮಾತಾಡದ ಹೆಂಗಸು, ಸೊಸೆಯ ಟೇಬಲ್ಲು ಉಳಿಯಲೆಂದು ವಾರಗಟ್ಟಲೆ ಗಂಜಿ ಕುಡಿದಿದ್ದಾರೆ! ಆ ಉಪಕಾರದ ಭಾರಕ್ಕೇ ತಾನು ನೆಲಕಚ್ಚಿ, ಕಸುಬನ್ನೇ ಬಿಡಲು ಹೊರಟಿದ್ದಳು!

"ಏನಾಯ್ತೇ ನಿನಗೆ?" ಗಂಡ ಎದ್ದೇ ನಿಂತ. "ಅಮ್ಮ ನೋವಲ್ಲಿ ಒದ್ದಾಡ್ತಿದ್ರೆ ನಿನಗೆ ನಗುವಾ?"

ಅತ್ತೆ ಗೋಡೆಯಿಂದ ಕಣ್ಣು ಕಿತ್ತು ಸೊಸೆಯನ್ನೇ ನೋಡುತ್ತಿದ್ದರು.

ನಗು ಇಳಿಯಿತು. ಇಳಿದ ಮೇಲೆ ಉಳಿದದ್ದು ನಿಜವಾದ ಕಷ್ಟ. ಅತ್ತೆಯ ಜೊತೆ ಸೇರಿ "ಇನ್ನೂ ಸ್ವಲ್ಪ ಕೆಲಸ ಇದೆ" ಎಂದರೆ ಟೇಬಲ್ಲು ಉಳಿಯುತ್ತದೆ, ಕೈಯ ಹೆಸರು ಹೋಗುತ್ತದೆ. ಸೆಟ್ಟು ಮುಗಿದಿದೆ ಎಂದರೆ ಹೆಸರು ಉಳಿಯುತ್ತದೆ, ಟೇಬಲ್ಲು ಹೋಗುತ್ತದೆ. ಅತ್ತ ದರಿ ಇತ್ತ ಪುಲಿ. ಹಲ್ಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂರನೆಯ ಮಾತೊಂದು ಇತ್ತು. ಅದನ್ನು ಅವಳು ಇಷ್ಟು ದಿನ ಬಾಯಿಂದ ಹೊರಗೇ ಬಿಟ್ಟಿರಲಿಲ್ಲ.

"ರೀ, ಅತ್ತೆ ಹಲ್ಲು ಸರಿಯಾಗಿದೆ," ಎಂದಳು. "ಮೊದಲ್ನೇ ವಾರದಿಂದಾನೂ ಸರಿಯಾಗಿದೆ. ನಾನು ಮಾಡಿರೋದ್ರಲ್ಲೇ ಅಷ್ಟು ಚೆನ್ನಾಗಿರೋ ಸೆಟ್ ಇನ್ನೊಂದಿಲ್ಲ. ಅದು ಮುಗೀತು. ಆದ್ರೆ ಟೇಬಲ್ ತೆಗೆಯೋದು ಬೇಡ."

"ನೀನೇ ಆಗ್ಲಿ ಅಂದ್ಯಲ್ಲ?"

"ಅಂದಿದ್ದೆ. ಮನಸ್ಸಲ್ಲಿ ಇರ್ಲಿಲ್ಲ. ಇನ್ನು ತಿಂಗಳಿಗೆ ಒಂದೇ ಕೆಲಸ ಬರ್ಲಿ, ನನಗೆ ಆ ಟೇಬಲ್ ಬೇಕು."

ಗಂಡ ತಾಯಿಯ ಕಡೆ ತಿರುಗಿದ. "ಏನಮ್ಮ ಇದು? ನೋವೇ ಇಲ್ವಾ?"

ಅತ್ತೆ ಬಟ್ಟಲಿಗೆ ಕೈಹಾಕಿ ಸೆಟ್ಟು ತೆಗೆದು, ನೀರು ಕೊಡವಿ, ಬಾಯಿಗೆ ಹಾಕಿಕೊಂಡರು. ಟಕ್ ಎಂದು ಕೂತಿತು. ಆಮೇಲೆ ಮಗನನ್ನಲ್ಲ, ಸೊಸೆಯನ್ನು ನೋಡಿ ಹೇಳಿದರು: "ಬಾಯ್ತುಂಬ ಹಲ್ಲಿರೋ ನೀನೇ ಬಾಯಿ ಬಿಡ್ಲಿಲ್ಲ. ಹಲ್ಲಿಲ್ಲದ ನಾನು ಎಷ್ಟು ದಿನ ಅಂತ ಕಚ್ಚಿ ಹಿಡ್ಕೊಳ್ಲಿ?"

"ಮತ್ತೆ ಇಷ್ಟು ದಿನ ಗಂಜಿ ಕುಡಿದಿದ್ದು?" ಎಂದ ಮಗ.

"ನಾಟಕ ಅಂದ್ಮೇಲೆ ಕುಡೀಲೇಬೇಕಲ್ಲಪ್ಪ. ಹೊಟ್ಟೆಗೆ ಪಾರ್ಕಲ್ಲಿ ಜೋಳ ಸಿಗ್ತಿತ್ತು."

ಅವನು ಕುಳಿತುಕೊಂಡ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸ್ವಲ್ಪ ನೊಂದಿದ್ದ. "ನನಗೆ ಬಾಯಿಬಿಟ್ಟು ಹೇಳಬಹುದಿತ್ತು. ನಾನೇನು ಹುಲೀನಾ? ಇವಳ ಕೆಮ್ಮು ಕೇಳಿ ಕೇಳಿ, ಬಿಟ್ರೆ ಆರಾಮಾಗಿರ್ತಾಳೆ ಅಂದ್ಕೊಂಡೆ," ಎಂದ. ಹಲ್ಲಕ್ಕನಿಗೆ ಇದೂ ಹೊಸ ಸುದ್ದಿಯೇ. ಜೆರಾಕ್ಸ್ ಮಷೀನಿನ ಹಿಂದೆ ತನ್ನ ಕೆಮ್ಮೂ ಇತ್ತೆಂದು ಅವಳು ಎಣಿಸಿರಲಿಲ್ಲ. ಊಟ ಮುಗಿಯುವಷ್ಟರಲ್ಲಿ ಅವನು ಕೋಣೆಯನ್ನು ಮನಸ್ಸಿನಲ್ಲೇ ಅಳೆದು, ಮಷೀನು ಬಾಗಿಲ ಪಕ್ಕ, ಟೇಬಲ್ಲು ಕಿಟಕಿಯ ಕೆಳಗೇ, ನಡುವೆ ಧೂಳು ಬರದಂತೆ ಒಂದು ಗಾಜಿನ ಮರೆ ಎಂದು ತೀರ್ಮಾನಿಸಿದ್ದ. ಮರೆ ಹಾಕಿಸುವವರೆಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡಬೇಕೆಂದು ಆಜ್ಞೆಯನ್ನೂ ಮಾಡಿದ.

ಮರುದಿನ ಮಧ್ಯಾಹ್ನ ಅತ್ತೆ ಎಂದಿನ ಹೊತ್ತಿಗೆ ಬಂದು ಸ್ಟೂಲಿನ ಮೇಲೆ ಕೂತರು. ಹಲ್ಲಕ್ಕ ಟೇಬಲ್ಲಿನ ಧೂಳು ಒರೆಸುತ್ತಿದ್ದಳು. ಒರೆಸುತ್ತಲೇ, ತಲೆ ಎತ್ತದೆ ಹೇಳಿದಳು.

"ಅತ್ತೆ, ನೀವು ಟೇಬಲ್ ಉಳಿಸಿದ್ರಿ. ಆ ಋಣ ತೀರಿಸಕ್ಕಾಗಲ್ಲ. ಆದ್ರೆ ನನ್ನ ಕೈ ಕೆಟ್ಟೇಹೋಯ್ತು ಅಂದ್ಕೊಂಡಿದ್ದೆ. ಬಂದಿದ್ದ ಒಂದು ಕೆಲಸಾನೂ ವಾಪಸ್ ಕೊಟ್ಟು ಬಂದೆ."

ಅತ್ತೆಯ ಬಾಯಿ ತೆರೆದದ್ದು ಹಾಗೇ ಉಳಿಯಿತು. "ಅಂದ್ರೆ? ನಾನು ನಾಟಕ ಆಡ್ತಿದೀನಿ ಅಂತ ನಿನಗೆ ಗೊತ್ತಿರ್ಲಿಲ್ವಾ?"

"ನನಗೆ ಹೇಗೆ ಗೊತ್ತಾಗ್ಬೇಕು?"

"ಹೇಗೆ ಅಂದ್ರೆ! ಮಾಡಿದವಳು ನೀನು. ಅದು ಚೆನ್ನಾಗಿದೆ ಅಂತ ಮಾಡಿದವಳಿಗೆ ಗೊತ್ತಿರಲ್ವಾ? ನಾನು ಅಯ್ಯೋ ಅಂದಾಗೆಲ್ಲ ನೀನು ಬ್ಯಾಟರಿ ಹಿಡೀತಿದ್ದೆ, ಕಾಗದ ಕಚ್ಚಿಸ್ತಿದ್ದೆ, ಹಣೆ ಗಂಟು ಹಾಕ್ಕೊಂಡು ಮೋಟಾರ್ ತಿರುಗಿಸ್ತಿದ್ದೆ. ಇಬ್ರೂ ಸೇರಿ ಆಡ್ತಿದೀವಿ ಅಂದ್ಕೊಂಡಿದ್ದೆ ಕಣೇ. ಪರವಾಗಿಲ್ಲ, ನನಗಿಂತ ಚೆನ್ನಾಗಿ ಆಡ್ತಾಳೆ ನನ್ನ ಸೊಸೆ ಅಂತ ಮನಸ್ಸಲ್ಲೇ ಮೆಚ್ಕೊಂಡಿದ್ದೆ."

ಹಲ್ಲಕ್ಕನ ಕೈಯಲ್ಲಿದ್ದ ಬಟ್ಟೆ ನಿಂತಿತು. ಅಷ್ಟು ವಾರ ಅವಳು ತನ್ನ ಕೈಯನ್ನು ನಂಬಿರಲಿಲ್ಲ. ಎದುರಿಗೆ ಕೂತು ನರಳುತ್ತಿದ್ದವರು ಮಾತ್ರ ಆ ಕೈಯನ್ನು ಎಷ್ಟು ನಂಬಿದ್ದರೆಂದರೆ, ಅವಳಿಗೇ ಅನುಮಾನ ಬಂದೀತೆಂದು ಅವರಿಗೆ ಹೊಳೆದಿರಲೂ ಇಲ್ಲ. ಅವಳಿಗೆ ಅಳು ಬಂತು. ಅಳುವುದಕ್ಕೆ ಮೊದಲೇ ನಗು ಬಂತು. ಯಾವುದು ಯಾವುದೆಂದು ತಿಳಿಯದೆ ಬಟ್ಟೆಯಿಂದಲೇ ಮುಖ ಒರೆಸಿಕೊಂಡು, ಮುಖವೆಲ್ಲ ಪ್ಲಾಸ್ಟರ್ ಮಾಡಿಕೊಂಡಳು.

"ಹೋಗು, ಆ ಅಚ್ಚು ವಾಪಸ್ ತಗೊಂಡು ಬಾ," ಎಂದರು ಅತ್ತೆ. "ಹೋಗೋಕೆ ಮುಂಚೆ ಇಲ್ಲಿ ನೋಡು. ಎಡಗಡೆ ಒತ್ತತ್ತೆ."

"ಅತ್ತೆ!"

"ಈ ಸಲ ನಿಜ ಕಣೇ! ನಿನ್ನಾಣೆ!"

ಹಲ್ಲಕ್ಕ ನಂಬಲಿಲ್ಲ. ಆದರೂ ಕೈ ತಾನಾಗಿ ಹೋಗಿ ನೀಲಿ ಕಾಗದದ ಚೂರು ಹರಿಯಿತು. ಅತ್ತೆ ಕಚ್ಚಿದರು. ಸೆಟ್ಟು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಎಡಗಡೆಯ ದವಡೆಹಲ್ಲಿನ ತುದಿಯಲ್ಲಿ, ಸಾಸಿವೆಯಷ್ಟು, ಅಚ್ಚ ನೀಲಿ ಚುಕ್ಕೆ.

"ಇದೆ ಅತ್ತೆ," ಎಂದಳು.

"ನಾನು ಹೇಳ್ಲಿಲ್ವಾ?" ಎಂದರು ಅತ್ತೆ, ಹುಟ್ಟಿದಾಗಿನಿಂದ ಒಂದು ಸುಳ್ಳೂ ಆಡದವರ ಗತ್ತಿನಲ್ಲಿ.

ಹಲ್ಲಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೋಟಾರು ಹಾಕಿದಳು.